ಎರೆಮಣ್ಣಿಗೆ ಹಾರುಬೂದಿ: ಭೂಕಂಪಕ್ಕೆ ಮದ್ದಾದೀತೇ?

ಧಾರವಾಡದಿಂದ ಅಳ್ನಾವರದತ್ತ ಸಾಗುವ ರೈಲು ಹಾದಿಯಲ್ಲಿ ಮುಗದ ಸಿಗುತ್ತದೆ. ಭತ್ತದ ಸಂಶೋಧನಾ ಕೇಂದ್ರದಿಂದಾಗಿ ಕೃಷಿಕರಿಗೆ ಪರಿಚಿತವಾದ ಊರಿದು. ಇಲ್ಲಿಂದ ಪೂರ್ವಕ್ಕೆ, ಧಾರವಾಡ ದಾಟಿ ನವಲಗುಂದದ ಕಡೆಗೆ ಹೋದರೆ ಎರೆಭೂಮಿ. ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುವ ಈ ಮಣ್ಣು ಹತ್ತಿ, ಜೋಳಕ್ಕೆ ವರ, ಅಡಿಪಾಯಕ್ಕೆ ಪೀಡೆ. ಮುರಕಲ್ಲಿನ ನೆಲದ ಮೇಲೆ ಮನೆ ಕಟ್ಟುವ ಕರಾವಳಿಯ ನಮಗೆ ಇದರ ಕಾಟ ಅಷ್ಟಾಗಿ ತಿಳಿಯದು.

ಇಂತಹ ಮಣ್ಣಿಗೆ ಕೈಗಾರಿಕೆಗಳ ತ್ಯಾಜ್ಯ ಬೆರೆಸಿ, ಭೂಕಂಪಕ್ಕೂ ಜಗ್ಗದಂತೆ ಮಾಡಬಹುದೆಂಬ ವಾದವಿದೆ. ತ್ಯಾಜ್ಯಕ್ಕಂತೂ ಬರವಿಲ್ಲ. ರಾಯಚೂರಿನ ಶಕ್ತಿನಗರದಲ್ಲಿ, ಬಳ್ಳಾರಿಯ ಕುಡತಿನಿಯಲ್ಲಿ ಕಲ್ಲಿದ್ದಲಿನ ಹಾರುಬೂದಿ. ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯ ಕಿಟ್ಟ. (ಹಾರುಬೂದಿ ಎಂದೊಡನೆ ನಮ್ಮವರಿಗೆ ನೆನಪಾಗುವುದು ಉಡುಪಿಯ ಎಲ್ಲೂರು.) ಸುಣ್ಣ ಬೆರೆತಾಗ ಜೇಡಿಕಣಗಳು ನೀರು ಹೀರಿ ಉಬ್ಬುವುದು ತಗ್ಗುತ್ತದೆ. ಬೂದಿಯಲ್ಲಿನ ಸಿಲಿಕಾ ಸುಣ್ಣದೊಂದಿಗೆ ಕೂಡಿ, ವಾರ ತಿಂಗಳುಗಳಲ್ಲಿ ಸಿಮೆಂಟಿನಂತೆ ಬಿಗಿಯುತ್ತದೆ. ಆದರೆ ನಮ್ಮ ದೇಶದ ಬಹುಪಾಲು ಹಾರುಬೂದಿಯಲ್ಲಿ ಸುಣ್ಣದಂಶ ಕಡಿಮೆ. ಆದುದರಿಂದ ಪುಕ್ಕಟೆ ಸಿಕ್ಕಿತೆಂದು ಬರೀ ಬೂದಿಯನ್ನು ಲಾರಿಯಲ್ಲಿ ತಂದು ಸುರಿದರೆ ಮಣ್ಣು ಬಿಗಿಯದು. ಮಣ್ಣಿನಲ್ಲಿ ಸಲ್ಫೇಟ್ ಲವಣವಿದ್ದರೆ ಸುಣ್ಣ ಬೆರೆಸಿದ ಮೇಲೂ ಅದು ಮತ್ತೆ ಉಬ್ಬೀತು.

ಭೂಕಂಪದ ಮಾತೇನು? ಮೆತ್ತನೆಯ ಜೇಡಿಮಣ್ಣು ಕಂಪನವನ್ನು ಹಿಗ್ಗಿಸುತ್ತದೆ. 1985ರಲ್ಲಿ ಕಂಪನದ ಕೇಂದ್ರ ನೂರಾರು ಕಿಲೋಮೀಟರ್ ದೂರವಿದ್ದರೂ ಮೆಕ್ಸಿಕೋ ನಗರ ಕುಸಿಯಲು ಇದೇ ಕಾರಣ. ಆದರೆ ಅಲ್ಲಿರುವುದು ಹಳೆಯ ಸರೋವರದ ಆಳವಾದ ಕೆಸರು. ಮನೆಯಡಿಯ ಒಂದೆರಡು ಮೀಟರ್ ಮಣ್ಣನ್ನು ಬಿಗಿಗೊಳಿಸಿದ ಮಾತ್ರಕ್ಕೆ ಅಂತಹ ನೆಲದ ಸ್ವಭಾವ ಬದಲಾಗದು.

ನಮಗೆ ಹತ್ತಿರದ ಪಾಠ ಬೇರೆಯೇ ಇದೆ. 1993ರ ಸೆಪ್ಟೆಂಬರ್ 30ರ ಮುಂಜಾವ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಸಾವಿರಾರು ಜನ ಮಲಗಿದ್ದಲ್ಲೇ ಸತ್ತರು. ಅದೂ ಎರೆಮಣ್ಣಿನ ನಾಡೇ. ಆದರೆ ಅವರನ್ನು ಕೊಂದದ್ದು ಮುಖ್ಯವಾಗಿ ಕೆಸರಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು, ಅವುಗಳ ಮೇಲಿನ ಭಾರದ ಮಣ್ಣಿನ ಮಾಳಿಗೆ. 2019ರ ಮಾರ್ಚ್‌ನಲ್ಲಿ ಧಾರವಾಡದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು ಹಲವರು ಸತ್ತಾಗ ಭೂಮಿ ಕಂಪಿಸಿರಲೇ ಇಲ್ಲ.

2002ರ ಭಾರತೀಯ ಮಾನಕ ನಕಾಶೆ ಧಾರವಾಡವನ್ನೂ ಮಂಗಳೂರನ್ನೂ ಮೂರನೇ ಭೂಕಂಪ ವಲಯದಲ್ಲಿಯೇ ಸೇರಿಸಿತ್ತು. ಹೀಗಿರುವಾಗ ಶಾಲೆಗೋ ಸಭಾಭವನಕ್ಕೋ ಹಣ ಮಂಜೂರು ಮಾಡುವ ನಮ್ಮ ಪಾಲನಾ ಮಂಡಳಿಗಳು ಮೊದಲು ಕೇಳಬೇಕಾದದ್ದು ಮಣ್ಣು ಪರೀಕ್ಷೆಯ ವರದಿ. ಅನಂತರ ಅಡಿಪಾಯದ ಮಟ್ಟದಲ್ಲಿ, ಬಾಗಿಲಿನ ಮೇಲ್ಮಟ್ಟದಲ್ಲಿ ಸುತ್ತಲೂ ಕಾಂಕ್ರೀಟ್ ಪಟ್ಟಿ ಇದೆಯೇ ಎಂಬುದು. ಬೂದಿಯ ಪ್ರಶ್ನೆ ಆಮೇಲಿನದು. ಹತ್ತಿರ ಬಾವಿಯಿದ್ದರೆ, ಬೂದಿಯಿಂದ ಭಾರಲೋಹ ನೀರಿಗೆ ಸೋರುತ್ತದೆಯೇ ಎಂಬ ಪ್ರಯೋಗಾಲಯದ ವರದಿಯೂ ಕಡತದಲ್ಲಿರಲಿ.