ನಿಲ್ಲಿಸಿಟ್ಟ ಜೀಪಿಗೆ ಸನ್ಮಾನ, ದುಡಿಯುವ ಜೀಪಿಗೆ ದಂಡ

ನಿಮ್ಮ ಮನೆಯ ಕೊಟ್ಟಿಗೆ ಪಕ್ಕ ಹಳೆ ಜೀಪೊಂದು ನಿಂತಿದೆಯಾ? ಅದನ್ನು ಕೇಳಿಕೊಂಡು ಬ್ರೋಕರ್ ಬಂದು ಹೋಗಿದ್ದಾನಾ? ಹಾಗಿದ್ದರೆ ಇದನ್ನು ಓದಿ ಮುಗಿಸುವವರೆಗೆ ಕೀಲಿ ಕೊಡಬೇಡಿ.

ಹೋದ ತಿಂಗಳು ಕೆಲಸದ ಮೇಲೆ ಬೆಂಗಳೂರಿಗೆ ಹೋದವನು ಕಮ್ಮನಹಳ್ಳಿಯ ಸೋದರಮಾವನ ಮನೆಯಲ್ಲಿ ಎರಡು ದಿನ ಉಳಿದೆ. ಕಮ್ಮನಹಳ್ಳಿ ಅನ್ನುವ ಹೆಸರಲ್ಲಿ ಮಾತ್ರ ಈಗ ಹಳ್ಳಿ ಉಳಿದಿದೆ. ಮೇನ್ ರೋಡಿನ ಉದ್ದಕ್ಕೂ ಬಟ್ಟೆ ಅಂಗಡಿ, ಬಿರಿಯಾನಿ, ಮೊಮೊ, ಕಾಫಿಗೆ ಇನ್ನೂರು ರೂಪಾಯಿ ಕೇಳುವ ಹೋಟೆಲು. ಮಾವ ಹಲಸೂರಿನ ಮಿಲಿಟರಿ ವರ್ಕ್‌ಶಾಪಿನಲ್ಲಿ, ಅಂದರೆ 515 ಆರ್ಮಿ ಬೇಸ್ ವರ್ಕ್‌ಶಾಪಿನಲ್ಲಿ, ಫಿಟ್ಟರ್ ಆಗಿದ್ದು ನಿವೃತ್ತರಾದವರು. ಅವರ ಕ್ರಾಸಿನಲ್ಲಿ ಎಲ್ಲರೂ ಕೆಳಗಿನ ಕಾರ್ ಶೆಡ್ ಅನ್ನು ಅಂಗಡಿಗೋ ಟೈಲರಿಗೋ ಬಾಡಿಗೆಗೆ ಕೊಟ್ಟಿದ್ದಾರೆ. ಮಾವನ ಶೆಡ್ಡಿನಲ್ಲಿ ಮಾತ್ರ ಜೀಪು ನಿಂತಿದೆ. ಅತ್ತೆ ಅದನ್ನು 'ನನ್ನ ಸವತಿ' ಅನ್ನುತ್ತಾರೆ.

ಅದು ಬಾನೆಟ್ ಎತ್ತರವಿರುವ ಮಹೀಂದ್ರಾ ಸಿಜೆ-3ಬಿ. ನಂಬರ್ ಇನ್ನೂ ಹಳೆ ಮೈಸೂರು ರಾಜ್ಯದ ಕಾಲದ್ದು, ಎಂವೈ ಅಕ್ಷರಗಳಿಂದ ಶುರುವಾಗುತ್ತದೆ. ಮಹೀಂದ್ರಾದವರು ಬೊಂಬಾಯಿಯಲ್ಲಿ ಅಮೆರಿಕದ ವಿಲೀಸ್ ಜೀಪುಗಳನ್ನು ಜೋಡಿಸಲು ಶುರು ಮಾಡಿದ್ದು 1947ರಲ್ಲಿ. ಆ ವಂಶದ್ದೇ ಇದು. ಮಾವ ಮೂರು ವರ್ಷದಿಂದ ಇದರ ಒಂದೊಂದು ಬೋಲ್ಟನ್ನೂ ಬಿಚ್ಚಿ, ಸೀಮೆಎಣ್ಣೆಯಲ್ಲಿ ನೆನೆಸಿ, ತಂತಿ ಬ್ರಷ್ಷಿನಲ್ಲಿ ಉಜ್ಜಿ, ಹಳೆ ಬಿಸ್ಕತ್ ಡಬ್ಬಿಗಳಲ್ಲಿ ಹೆಸರು ಬರೆದು ಇಟ್ಟಿದ್ದಾರೆ. ಚಾಸಿ ತುಕ್ಕು ತೆಗೆದು ಪ್ರೈಮರ್ ಹೊಡೆದಾಗಿದೆ. ಗೇರ್ ಬಾಕ್ಸಿನ ಹಿಂದೆ ಕೂರುವ ಟ್ರಾನ್ಸ್‌ಫರ್ ಕೇಸನ್ನು ಬಿಚ್ಚಿ ಕಾಗದದ ಮೇಲೆ ಹರಡಿದ್ದರು. ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಕ್ಕೂ ಮುಂದಿನ ಚಕ್ರಕ್ಕೂ ಹಂಚುವುದು ಆ ಪೆಟ್ಟಿಗೆಯೇ. ಅದರಿಂದ ಎರಡು ಲಿವರ್ ಮೇಲೆ ಬರುತ್ತವೆ. ಒಂದು ಮುಂದಿನ ಆಕ್ಸಲ್ ಸೇರಿಸಲು, ಇನ್ನೊಂದು ಲೋ ಗೇರಿಗೆ. ನಮ್ಮ ಕಡೆ ಜೀಪು ಓಡಿಸಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಕೆಸರಲ್ಲಿ ಹಿಂದಿನ ಚಕ್ರ ಗಿರ್ರನೆ ತಿರುಗಿದಾಗ ಕೈ ತಾನೇ ಆ ಲಿವರ್ ಹುಡುಕುತ್ತದೆ.

"ಇದನ್ನ ಎಲ್ಲಿ ಓಡಿಸ್ತೀರಿ ಮಾವ?" ಅಂದೆ.

"ಎಲ್ಲಿ ಓಡಿಸೋದೋ, ಭಾನುವಾರ ಬೆಳಿಗ್ಗೆ ಒಂದು ರೌಂಡು. ಫೋರ್ ವೀಲ್ ಅಂತೂ ಹಾಕೋ ಹಂಗಿಲ್ಲ. ಟಾರ್ ರೋಡಲ್ಲಿ ಹಾಕಿದ್ರೆ ಮುಂದಿನ ಚಕ್ರ, ಹಿಂದಿನ ಚಕ್ರ ಒಂದನ್ನೊಂದು ಎಳೆದಾಡ್ತವೆ, ಗೇರು ಹಾಳಾಗುತ್ತೆ."

ಮೂರು ವರ್ಷ ಕೂತು ಸರಿಮಾಡಿದ ಲಿವರನ್ನು ಎಳೆಯಲು ಜಾಗವಿಲ್ಲ. ಇದನ್ನು ತಮಾಷೆಗೆ ಬರೆಯುತ್ತಿಲ್ಲ. ಮಾವನ ಕೈಕೆಲಸ ನೋಡಿದರೆ ಕೈ ಮುಗಿಯಬೇಕು ಅನ್ನಿಸುತ್ತದೆ. ಶಿವಾಜಿನಗರದ ಗುಜರಿ ಸಾಲಿನಲ್ಲಿ, ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಾರಗಟ್ಟಲೆ ಅಲೆದು ಒಂದು ಬೇರಿಂಗ್ ತರುವ ತಾಳ್ಮೆ ನನಗಂತೂ ಇಲ್ಲ. ನನ್ನ ಜಗಳ ಬೇರೆ.

ಶೆಡ್ಡಿನ ಮೂಲೆಯಲ್ಲಿ ಟಾರ್ಪಾಲ್ ಕೆಳಗೆ ಇನ್ನೊಂದು ಜೀಪಿನ ಅವಶೇಷ ಇತ್ತು. ಎಂಜಿನ್ ಇಲ್ಲ, ಮುಂದಿನ ಆಕ್ಸಲ್ ಇಲ್ಲ, ಸ್ಟೇರಿಂಗ್ ಇಲ್ಲ. ಹಿಂದಿನ ಬಾಗಿಲ ಮೇಲೆ ಹಳದಿ ಬಣ್ಣದಲ್ಲಿ ಕೈಯಲ್ಲೇ ಬರೆದ ಅಕ್ಷರ: 'ಶ್ರೀ ಕಳಸೇಶ್ವರ ಪ್ರಸನ್ನ'.

ಅದು ನಮ್ಮೂರ ಕಡೆಯ ಜೀಪು.

"ಇದನ್ನ ಯಾರ ಹತ್ರ ತಗೊಂಡ್ರಿ?" ಬ್ರೋಕರ್ ಹತ್ತಿರ ಅಂತೆ. ಬ್ರೋಕರಿಗೆ ಕೊಟ್ಟದ್ದು ತೊಂಬತ್ತು ಸಾವಿರ. ಬ್ರೋಕರ್ ನಮ್ಮೂರಲ್ಲಿ ಎಷ್ಟು ಕೊಟ್ಟನೋ ಮಾವನಿಗೆ ಗೊತ್ತಿಲ್ಲ. ನನಗೆ ಅಂದಾಜಿದೆ. ಯಾಕೆಂದರೆ 2022ರಲ್ಲಿ ನಮ್ಮ ಅಪ್ಪಯ್ಯನೂ ನಮ್ಮ ಜೀಪನ್ನು ಅಂಥವನೊಬ್ಬನಿಗೆ ನಲವತ್ತೈದು ಸಾವಿರಕ್ಕೆ ಕೊಟ್ಟರು. ಅವನು ಹೇಳಿದ್ದು ಒಂದೇ ಮಾತು: "ಹದಿನೈದು ವರ್ಷ ಆದ ಗಾಡಿ ಇಟ್ಕೊಳ್ಳೋ ಹಂಗಿಲ್ಲ ಸ್ವಾಮಿ, ಕಾನೂನು ಬಂದಿದೆ. ಸೀಜ್ ಮಾಡ್ತಾರೆ."

ಈ ಮಾತು ಸುಳ್ಳು. ಇದನ್ನು ನಂಬಿ ಮಲೆನಾಡಿನಲ್ಲಿ ಎಷ್ಟು ಮನೆಯ ಅಂಗಳ ಖಾಲಿಯಾಯಿತೋ.

ಕಾನೂನು ಹೇಳುವುದು ಇಷ್ಟು. ಖಾಸಗಿ ಜೀಪಿನ ಆರ್‌ಸಿಗೆ 15 ವರ್ಷದ ಅವಧಿ. ಆಮೇಲೆ ಗಾಡಿ ತೋರಿಸಿ, ತಪಾಸಣೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. 2021ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ತಂದ ಗುಜರಿ ನೀತಿಯಲ್ಲಿ ಖಾಸಗಿಯವರಿಗೆ ಒತ್ತಾಯ ಇಲ್ಲ, ಇಷ್ಟವಿದ್ದರೆ ಕೊಡಬಹುದು. 15 ವರ್ಷಕ್ಕೆ ಕಡ್ಡಾಯ ನಿವೃತ್ತಿ ಇರುವುದು ಸರ್ಕಾರಿ ವಾಹನಗಳಿಗೆ, ಅದೂ 2023ರ ಏಪ್ರಿಲ್ 1ರಿಂದ. ದೆಹಲಿಯಲ್ಲಿ ಹಳೆ ಡೀಸೆಲ್ ಗಾಡಿಗಳ ಮೇಲೆ ಬಂದ ಕೋರ್ಟ್ ಆದೇಶ ದೆಹಲಿ ಸುತ್ತಮುತ್ತಲಿಗೆ. ಈ ಮೂರನ್ನೂ ಕಲಸಿ ವಾಟ್ಸಾಪಿನಲ್ಲಿ ಬಿಟ್ಟರು, ಬ್ರೋಕರುಗಳು ಕೊಯ್ಲು ಮಾಡಿಕೊಂಡರು. ನಾವು ಪತ್ರಿಕೆಯವರೂ ತಪ್ಪಿತಸ್ಥರೇ. ನೀತಿ ಬಂದಾಗ 'ಹಳೆ ವಾಹನಗಳಿಗೆ ಗುಜರಿ ಭಾಗ್ಯ' ಎಂದು ತಲೆಬರಹ ಕೊಟ್ಟು ಕೈತೊಳೆದುಕೊಂಡೆವು. ನಾನೂ ಅಂಥದ್ದೊಂದು ಸುದ್ದಿ ಕಳಿಸಿದ್ದೆ. ಅಪ್ಪಯ್ಯ ಅದನ್ನು ಓದಿಯೇ ಹೆದರಿರಬಹುದು.

ಹಾಗಾದರೆ ಜೀಪು ಇಟ್ಟುಕೊಳ್ಳುವುದು ಸುಲಭವೇ? ಇಲ್ಲಿ ನನಗೆ ಸಿಟ್ಟು ಬರುವುದು.

15 ವರ್ಷ ದಾಟಿದ ಕಾರು, ಜೀಪಿನ ನವೀಕರಣಕ್ಕೆ ಮೊದಲು ಇದ್ದದ್ದು 600 ರೂಪಾಯಿ. 2022ರ ಏಪ್ರಿಲ್‌ನಿಂದ ಅದು 5,000 ಆಯಿತು. 2025ರ ಆಗಸ್ಟಿನಲ್ಲಿ, 20 ವರ್ಷ ದಾಟಿದ್ದಕ್ಕೆ 10,000 ಆಯಿತು. ಅವಧಿ ಮುಗಿದ ಮೇಲೆ ತಡಮಾಡಿದರೆ ತಿಂಗಳಿಗೆ 500 ರೂಪಾಯಿ ಹೆಚ್ಚುವರಿ. ಅಪ್ಪನ ಕಾಲದ ಜೀಪು, ಮಗ ಬೆಂಗಳೂರಲ್ಲಿ, ಆರ್‌ಸಿ ಮುಗಿದದ್ದು ಯಾರಿಗೂ ಗೊತ್ತಿಲ್ಲ, ನಾಲ್ಕು ವರ್ಷ ಹಾಗೇ ಹೋಯಿತು ಎಂದುಕೊಳ್ಳಿ. 48 ತಿಂಗಳಿಗೆ 24,000. ಅದರ ಮೇಲೆ ಶುಲ್ಕ, ಇನ್ಶೂರೆನ್ಸ್, ಬ್ರೇಕ್ ಕೆಲಸ, ಟೈರು, ಊರಿಂದ ಆರ್‌ಟಿಒ ಕಚೇರಿಗೆ ಗಾಡಿ ಒಯ್ದು ತರುವ ಖರ್ಚು. ಬ್ರೋಕರ್ ಕೊಡುವ ನಲವತ್ತೈದು ಸಾವಿರ ಆಗ ದೊಡ್ಡ ಮೊತ್ತವಾಗಿ ಕಾಣದೆ ಇರುತ್ತದೆಯೇ?

ಈಗ ಇನ್ನೊಂದು ಪಟ್ಟಿ ನೋಡಿ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್ ಬದಲಾಗಿರಬಾರದು. ನಂಬರಿನಲ್ಲಿ 'ವಿಎ' ಎಂಬ ಅಕ್ಷರ ಬರುತ್ತದೆ. ಹೊಸ ನೋಂದಣಿಗೆ 20,000, ಅದು 10 ವರ್ಷ ನಡೆಯುತ್ತದೆ. ಆಮೇಲೆ ಮರುನೋಂದಣಿಗೆ 5,000. ಷರತ್ತು ಏನೆಂದರೆ ದಿನನಿತ್ಯ ಓಡಿಸುವಂತಿಲ್ಲ, ಬಾಡಿಗೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಂಥದ್ದಕ್ಕೆ ಮಾತ್ರ ರಸ್ತೆಗಿಳಿಯಬಹುದು.

ಲೆಕ್ಕ ಹಾಕಿ. ಮೂಟೆ ಹೊರುವ ಜೀಪು ಹತ್ತು ವರ್ಷಕ್ಕೆ ಎರಡು ಸಲ ನವೀಕರಿಸಿ 20,000 ಕಟ್ಟಬೇಕು, ಆಮೇಲಿನ ಹತ್ತು ವರ್ಷಕ್ಕೂ ಅಷ್ಟೇ. ಕವರ್ ಹೊದ್ದು ಮಲಗಿದ ಜೀಪು ಮೊದಲ ಸಲ 20,000 ಕಟ್ಟಿದರೆ ಮುಂದಿನ ಹತ್ತು ವರ್ಷಕ್ಕೆ 5,000. ದುಡಿಯುವ ಮುದುಕನಿಗೆ ದಂಡ, ಕುರ್ಚಿಯಲ್ಲಿ ಕೂತವನಿಗೆ ಶಾಲು, ಹಾರ.

ನಮ್ಮ ಜೀಪುಗಳು ಈ ವಿಂಟೇಜ್ ಬಾಗಿಲಲ್ಲಿ ಒಳಗೆ ಹೋಗಲೂ ಆಗುವುದಿಲ್ಲ. ಪೆಟ್ರೋಲ್ ಎಂಜಿನ್ ಸಾಕಲಾರದೆ ಎಷ್ಟೋ ಮನೆಯವರು ಡೀಸೆಲ್ ಎಂಜಿನ್ ಕೂರಿಸಿಕೊಂಡರು. ಮಳೆಗೆ ಬಾಡಿ ಕೊಳೆತಾಗ ಊರಿನ ವೆಲ್ಡಿಂಗ್ ಶೆಡ್ಡಿನಲ್ಲೇ ಹೊಸ ತಗಡು ಹಾಕಿಸಿದರು. ಜನ, ಮೂಟೆ ಹಿಡಿಯಲಿ ಎಂದು ಹಿಂದೆ ಒಂದಡಿ ಉದ್ದ ಮಾಡಿಸಿದವರೂ ಇದ್ದಾರೆ. ಜೀಪು ಬದುಕಿ ಉಳಿದದ್ದೇ ಹೀಗೆ. ಕಾಯ್ದೆಯ ಕಣ್ಣಿಗೆ ಅದು 'ಮಾರ್ಪಾಡು'. ತಯಾರಕರು ಕೊಟ್ಟ ರೂಪವನ್ನು ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಅನುಮತಿ ಪಡೆಯದೆ ಎಂಜಿನ್ ಬದಲಿಸಿದ್ದು ತಪ್ಪು, ಒಪ್ಪುತ್ತೇನೆ. ಆದರೆ ಜೀಪು ಓಡುವ ಜಾಗಕ್ಕೆ ಬಂದು ನೋಡಿದವರು ಆ ನಿಯಮ ಬರೆದಿದ್ದಾರೆ ಅನ್ನಿಸುವುದಿಲ್ಲ.

ನೋಡಲಿ ಬಂದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಳಸ, ಸಂಸೆ ಕಡೆಯ ಒಳಗಿನ ಮನೆಗಳಿಗೆ ಆಂಬುಲೆನ್ಸ್ ಹತ್ತುವುದಿಲ್ಲ, ಆಟೊ ಹತ್ತುವುದಿಲ್ಲ. ಹೆರಿಗೆ ನೋವು ಬಂದವಳನ್ನು ಇಳಿಸುವುದು ಜೀಪು, ಹಾವು ಕಚ್ಚಿದವನನ್ನು ಇಳಿಸುವುದು ಜೀಪು, ಆಸ್ಪತ್ರೆಯಿಂದ ಹೆಣ ಹತ್ತಿಸುವುದೂ ಜೀಪೇ. ಕೊಡಚಾದ್ರಿಗೆ, ಮಾಂದಲಪಟ್ಟಿಗೆ, ಕುದುರೆಮುಖ ಚಾರಣಕ್ಕೆಂದು ಮುಳ್ಳೋಡಿಗೆ ಬೆಂಗಳೂರಿನವರನ್ನು ಹೊತ್ತು ಸಾಗುವುದೂ ಇವೇ. ನಮ್ಮ ಮನೆ ಜೀಪು ಹೋದ ಮಳೆಗಾಲದಲ್ಲಿ ಅಜ್ಜಿಗೆ ಉಸಿರು ಸಿಕ್ಕಿಕೊಂಡಿತು. ಅಕ್ಕಪಕ್ಕದಲ್ಲೂ ಜೀಪು ಉಳಿದಿರಲಿಲ್ಲ. ಕುರ್ಚಿಗೆ ಬಿದಿರು ಕಟ್ಟಿ ನಾಲ್ಕು ಜನ ಎರಡು ಕಿಲೋಮೀಟರ್ ಹೊತ್ತೆವು. ಅಜ್ಜಿ ಉಳಿದರು. ಆದರೆ ಆ ನಲವತ್ತೈದು ಸಾವಿರದ ಬಗ್ಗೆ ಅಪ್ಪಯ್ಯ ಮತ್ತೆ ಬಾಯಿ ಬಿಟ್ಟಿಲ್ಲ. ಹೊಸ ಫೋರ್ ವೀಲ್ ಡ್ರೈವ್ ತರೋಣ ಎಂದರೆ ಹತ್ತು ಲಕ್ಷದ ಮೇಲಿನ ಮಾತು.

ಹೊಗೆಯ ಮಾತು ಬರುತ್ತದೆ, ಬರಲಿ. ಹಳೆ ಡೀಸೆಲ್ ಹೊಗೆ ಕೆಟ್ಟದ್ದೇ, ಹಿಂದೆ ಬೈಕಿನಲ್ಲಿ ಹೋದ ನನಗೆ ಗೊತ್ತು. ಬ್ರೇಕ್ ಹಿಡಿಯದ, ಇನ್ಶೂರೆನ್ಸ್ ಇಲ್ಲದ, ಹದಿನೆಂಟು ಜನ ತುಂಬಿದ ಜೀಪುಗಳೂ ನಮ್ಮಲ್ಲಿವೆ. ನಮ್ಮದಕ್ಕೂ ಎರಡು ವರ್ಷ ಇನ್ಶೂರೆನ್ಸ್ ಇರಲಿಲ್ಲ, ಅದು ನಾಚಿಕೆಯ ವಿಷಯ. ಆದರೆ ಶುಲ್ಕ ಹೆಚ್ಚಿಸಿದರೆ ಹೊಗೆ ಕಡಿಮೆಯಾಗುತ್ತದೆಯೇ? ಹತ್ತು ಸಾವಿರ ಕಟ್ಟಿದ ಜೀಪೂ ಅದೇ ಹೊಗೆ ಬಿಡುತ್ತದೆ. ಕಟ್ಟಲಾಗದವನು ಆರ್‌ಸಿಯನ್ನೇ ಬಿಟ್ಟು ಒಳರಸ್ತೆಯಲ್ಲಿ ಕದ್ದು ಓಡಿಸುತ್ತಾನೆ, ಆಗ ತಪಾಸಣೆಯೂ ಇಲ್ಲ, ಇನ್ಶೂರೆನ್ಸೂ ಇಲ್ಲ. ಹೊಗೆ ಅಳೆಯಿರಿ, ಬ್ರೇಕ್ ನೋಡಿ, ಸ್ಟೇರಿಂಗ್ ಅಲ್ಲಾಡಿಸಿ ನೋಡಿ. ಫೇಲಾದರೆ ನಿಲ್ಲಿಸಿ. ಪಾಸಾದ ಮೇಲೆ ವಯಸ್ಸು ಕೇಳಿ ಹಣ ಕೀಳುವುದು ಯಾಕೆ? ವರ್ಷಕ್ಕೆ ಒಂದು ದಿನ ಹೋಬಳಿಗೇ ಬಂದು ತಪಾಸಣೆ ಮಾಡಿಕೊಡಿ. ತಿಂಗಳಿಗೆ 500ರ ತಡಶುಲ್ಕವನ್ನು ಒಂದು ಸಲ ಬಿಟ್ಟು, ನಿಂತ ಜೀಪುಗಳನ್ನು ಲೆಕ್ಕಕ್ಕೆ ತನ್ನಿ. ನಮ್ಮ ಶಾಸಕರಿಗೆ, ಸಂಸದರಿಗೆ ಇದನ್ನು ಕೇಳುವ ಬಾಯಿ ಇದೆಯೋ ಇಲ್ಲವೋ, ಅವರ ಚುನಾವಣೆ ಸಿಬ್ಬಂದಿ ಗುಡ್ಡದ ಮತಗಟ್ಟೆಗೆ ಹತ್ತಿದ್ದು ಯಾವುದರಲ್ಲಿ ಎಂದಾದರೂ ನೆನಪು ಮಾಡಿಕೊಳ್ಳಲಿ.

ಇದನ್ನೆಲ್ಲ ಮಾವನ ಮುಂದೆಯೇ ಹೇಳಿದೆ. ಅವರು ಸ್ಪ್ಯಾನರ್ ಕೆಳಗಿಡಲಿಲ್ಲ.

"ನಾನು ತರದಿದ್ರೆ ಅದನ್ನ ಕರಗಿಸಿ ಕಂಬಿ ಮಾಡ್ತಿದ್ರು. ನಾನು ಒಂದನ್ನಾದ್ರೂ ಉಳಿಸ್ತಿದೀನಿ."

ಉತ್ತರ ಕೊಡುವುದು ಕಷ್ಟ. ಒಂದು ಜೀಪು ಎದ್ದು ನಿಲ್ಲಲು ಇನ್ನೊಂದು ಸಾಯಬೇಕು ಎನ್ನುವುದು ಈ ಕಸುಬಿನ ರೀತಿ. ಹೊಸ ಬಿಡಿಭಾಗ ಸಿಗುವುದಿಲ್ಲ, ಸಿಕ್ಕರೂ ಮಾವನಂಥವರಿಗೆ ಹಿಡಿಸುವುದಿಲ್ಲ. ಆದರೆ ಸಾಯುವ ಜೀಪು ಯಾವಾಗಲೂ ಹಳ್ಳಿಯದ್ದೇ ಯಾಕಾಗಬೇಕು? ಎದ್ದು ನಿಲ್ಲುವ ಜೀಪಿಗೆ ನಗರದಲ್ಲಿ ಎಂಥ ಅವತಾರ ಕೊಡುತ್ತಾರೆ ನೋಡಿದ್ದೀರಾ? ಮಿಲಿಟರಿ ಹಸಿರು ಬಳಿದು, ಬಾನೆಟ್ ಮೇಲೆ ಅಮೆರಿಕ ಸೈನ್ಯದ ಬಿಳಿ ನಕ್ಷತ್ರ. ಜೀವಮಾನವಿಡೀ ಕಾಫಿ ಮೂಟೆ, ಅಡಿಕೆ ಮೂಟೆ ಹೊತ್ತ ಜೀಪಿಗೆ ಯಾವ ಯುದ್ಧದ ಮೆಡಲ್ಲು ಇದು? ಇದೊಂದರಲ್ಲಿ ಮಾವ ನನ್ನ ಪಕ್ಷ. ಮಿಲಿಟರಿ ಗಾಡಿಗಳಿಗೇ ಜೀವ ತೇಯ್ದವರಲ್ಲವೇ, "ಅದು ವೇಷ ಕಣೋ" ಅಂದರು.

ನೀವು ಮಾರಲೇಬೇಕು ಎಂದಿದ್ದರೆ ಮಾರಿ. ಮನೆಯ ಕಷ್ಟ ನಿಮಗೆ ಗೊತ್ತು, ನನಗಲ್ಲ. ಬೆಲೆಯನ್ನು ಮಾತ್ರ ಬ್ರೋಕರ್ ಬಾಯಿಂದ ಕೇಳಬೇಡಿ, ಬೆಂಗಳೂರಲ್ಲಿ ಎಷ್ಟಕ್ಕೆ ಹೋಗುತ್ತದೆ ಎಂದು ಫೋನಲ್ಲೇ ನೋಡಿ. ಫಾರಂ 29, 30ಕ್ಕೆ ಕೊಳ್ಳುವವನ ಸಹಿ, ಆಧಾರ್ ಪ್ರತಿ ಇಲ್ಲದೆ ಗಾಡಿ ಕದಲಿಸಬೇಡಿ. 14 ದಿನದೊಳಗೆ ಆರ್‌ಟಿಒಗೆ ನೀವೇ ತಿಳಿಸಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಬರೀ ಆರ್‌ಸಿ ಪುಸ್ತಕ ಕೇಳಿಕೊಂಡು ಬರುವವರಿದ್ದಾರೆ, ಅವರನ್ನು ಅಂಗಳದಿಂದಲೇ ಕಳಿಸಿ. ನಿಮ್ಮ ಕಾಗದ ಇನ್ಯಾವುದೋ ಕಳ್ಳ ಗಾಡಿಯ ಚಾಸಿಗೆ ಹೊಂದಿಕೊಂಡರೆ ಪೊಲೀಸರು ಬರುವುದು ನಿಮ್ಮ ಮನೆಗೆ. ಗುಜರಿಗೇ ಹಾಕುವುದಾದರೆ ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟು ಸರ್ಟಿಫಿಕೇಟ್ ತೆಗೆದುಕೊಳ್ಳಿ, ಆರ್‌ಸಿ ರದ್ದು ಮಾಡಿಸಿ.

ಅಪ್ಪಯ್ಯ ಇದ್ಯಾವುದನ್ನೂ ಮಾಡಿರಲಿಲ್ಲ. ನಮ್ಮ ಜೀಪು ಇವತ್ತಿಗೂ ಅವರ ಹೆಸರಲ್ಲೇ ಇದೆ, ಎಲ್ಲಿದೆಯೋ ಗೊತ್ತಿಲ್ಲ.

ಹೊರಡುವ ಮುಂಚೆ ಟಾರ್ಪಾಲ್ ಸರಿಸಿ ಆ ಹಿಂದಿನ ಬಾಗಿಲ ಫೋಟೊ ತೆಗೆದು ಅಪ್ಪಯ್ಯನಿಗೆ ಕಳಿಸಿದೆ. ಹೆಬ್ಬಾಳ ದಾಟುವಷ್ಟರಲ್ಲಿ ಫೋನ್ ಬಂತು.

"ನಮ್ದಲ್ಲ. ನಮ್ದರ ಬಾಗಿಲಿಗೆ ಎಡಗಡೆ ಕೊಕ್ಕೆ ಮುರಿದಿತ್ತು."

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ನಿನ್ನ ಮಾವ ಅದನ್ನ ಎಷ್ಟಕ್ಕೆ ತಗೊಂಡ್ನಂತೆ?"