ಮದುವೆ ಮಾಡಿದರೆ ಸರಿಹೋಗುವ ಕಾಯಿಲೆ ಇದಲ್ಲ



ಈ ಕಾಗದದಲ್ಲಿ ಕಡಲೆಕಾಯಿ ಕಟ್ಟುವ ಮುಂಚೆ ಒಂದು ಸಲ ಓದಿ.

ನನ್ನ ತಂಗಿಗೆ ಇಪ್ಪತ್ತೊಂದರಲ್ಲಿ ಕಿವಿಯೊಳಗೆ ಯಾರೋ ಮಾತಾಡಿದ ಹಾಗೆ ಕೇಳಿಸತೊಡಗಿತು. ಗೋಡೆ ನೋಡಿ ಉತ್ತರ ಕೊಡುತ್ತಿದ್ದಳು. ಗಾಳಿ ಸೋಕಿದೆ ಎಂದರು; ತಾಯತ ಕಟ್ಟಿಸಿದೆವು, ತಡೆ ಒಡೆಸಿದೆವು. ಕಡೆಗೆ ಡಾಕ್ಟರ ಮಾತ್ರೆ ಶುರುವಾದ ಮೇಲೆ, ಎರಡು ತಿಂಗಳಲ್ಲಿ ಮತ್ತೆ ಒಲೆ ಮುಂದೆ ಕೂತು ರೊಟ್ಟಿ ತಟ್ಟಿದಳು. ಆಗ ಹಿರಿಯರೊಬ್ಬರು ಅಂದರು: "ಒಂದು ಮದುವೆ ಮಾಡಿ, ಎಲ್ಲ ಸರಿಹೋಗುತ್ತೆ."

ಮಾಡಿದೆವು. ಗಂಡಿನ ಮನೆಯವರಿಗೆ ಹೇಳಲಿಲ್ಲ. ಮಾತ್ರೆ ಶೀಟನ್ನು ಅವ್ವ ಸೀರೆ ಮಡಿಕೆಯಲ್ಲಿಟ್ಟು ಕಳಿಸಿದಳು. ಅತ್ತೆಯ ಎದುರು ನುಂಗುವುದು ಹೇಗೆ? ಬಿಟ್ಟಳು. ಮೂರು ತಿಂಗಳಿಗೆ ಆ ದನಿಗಳು ವಾಪಸ್ ಬಂದವು. ತಪ್ಪು ಅವಳದಲ್ಲ, ಬೀಗರದೂ ಅಲ್ಲ, ಮುಚ್ಚಿಟ್ಟ ನಮ್ಮದು. ಕಾಯಿಲೆ ಇದ್ದವರು ಮದುವೆಯಾಗಬಾರದು ಅಂತಲ್ಲ. ಸಂಬಂಧ ನೋಡುವಾಗಲೇ ಬಾಯಿಬಿಟ್ಟು ಹೇಳಿ. ಈಗ ಅವಳ ಮಾತ್ರೆ ನಮ್ಮ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಪಕ್ಕದಲ್ಲೇ ಇರುತ್ತದೆ, ಬಂದವರಿಗೆಲ್ಲ ಕಾಣುವ ಹಾಗೆ.

"ನಿನ್ನನ್ನ ನಿಮ್ಹಾನ್ಸ್‌ಗೆ ಸೇರಿಸಬೇಕು" ಅಂತ ಕಟ್ಟೆ ಮೇಲೆ ಕೂತು ನಗುತ್ತೀರಲ್ಲ, ಆ ತಮಾಷೆ ಬಿಡಿ. ಆಸ್ಪತ್ರೆಗೆ ಹೋಗಲೇಬೇಕಾದವರು ನಿಮ್ಮ ನಗೆಗೆ ಹೆದರಿ ಮನೆಯಲ್ಲೇ ಉಳಿಯುತ್ತಾರೆ.

ಇಂಥ ರೋಗಿಗಳನ್ನು ಕೊಟ್ಟಿಗೆಯಲ್ಲಿ ಕಟ್ಟಿಹಾಕುವವರಿಗೂ ಒಂದು ಮಾತು. 2001ರ ಆಗಸ್ಟ್ 6ರಂದು, ಬೆಳಕು ಹರಿಯುವ ಮುಂಚೆ, ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನಿಟ್ಟಿದ್ದ ಚಪ್ಪರಕ್ಕೆ ಬೆಂಕಿ ಬಿತ್ತು. ಕಾಲಿಗೆ ಸರಪಳಿ. ಓಡಲಾಗದೆ ಬೆಂದು ಸತ್ತವರು 28 ಮಂದಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಯಾವ ರೀತಿಯಲ್ಲೂ ಸರಪಳಿ ಬಿಗಿಯುವಂತಿಲ್ಲ. ದೇವಸ್ಥಾನ, ದರ್ಗಾ, ಮನೆ ಎಂಬ ರಿಯಾಯಿತಿ ಇಲ್ಲ.

ನಿಮ್ಮ ಮನೆಯಲ್ಲೂ ಯಾರಿಗಾದರೂ ಹೀಗಾದರೆ ಮೊದಲು 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಸಹಾಯವಾಣಿ, ಸರ್ಕಾರದ್ದು. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗಲಾದರೂ ಸರಿ, ಕನ್ನಡದಲ್ಲೇ ಮಾತಾಡಬಹುದು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವುದು ಮಂಗಳವಾರ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಮಂಗಳವಾರ ಒಳ್ಳೆ ಕೆಲಸಕ್ಕೆ ಹೊರಡಬಾರದು ಅನ್ನುವವರು ನಮ್ಮ ಬೀದಿಯಲ್ಲೂ ಇದ್ದಾರೆ. ಹೊರಡಿ. ಹರಕೆ ಇದ್ದರೆ ತೀರಿಸಿಕೊಂಡೇ ಹೋಗಿ, ಮಾತ್ರೆ ಮಾತ್ರ ನೀವಾಗಿ ನಿಲ್ಲಿಸಬೇಡಿ. ರೋಗಿಯ ಜೊತೆ ಮನೆಯವರೊಬ್ಬರು ಇರಲಿ. ಹಳೇ ಚೀಟಿ, ಖಾಲಿ ಮಾತ್ರೆ ಶೀಟು ಮರೆಯದೆ ಒಯ್ಯಿರಿ.

— ತಂಗಿಯ ಮಾತ್ರೆ ಮುಚ್ಚಿಟ್ಟಿದ್ದ ಒಬ್ಬ ಅಣ್ಣ