ಲಿನಕ್ಸ್ ಬರೆದ ಹುಡುಗನ ಮನೆಮಾತು

ಜೂನ್ ತಿಂಗಳು ಬಂತೆಂದರೆ ಗಡಿ ತಾಲೂಕುಗಳ ಮನೆಮನೆಯಲ್ಲೂ ಒಂದೇ ಚರ್ಚೆ. "ಕನ್ನಡ ಶಾಲೆಗೆ ಹಾಕಿದ್ರೆ ನಾಳೆ ಕಂಪ್ಯೂಟರ್ ಕೆಲಸ ಯಾರು ಕೊಡ್ತಾರೆ?" ಕಾಸರಗೋಡು, ಜತ್ತ, ಮಡಕಶಿರಾ, ಎಲ್ಲಿಗೇ ಹೋಗಿ, ಅಪ್ಪ ಅಮ್ಮ ಕೇಳೋದು ಇದನ್ನೇ. ಅವರ ಆತಂಕ ಸುಳ್ಳಲ್ಲ. ಆದರೆ ಈ ಮಾತಾಡುವಾಗ ಅವರ ಕೈಯಲ್ಲಿರುವ ಆಂಡ್ರಾಯ್ಡ್ ಫೋನ್ ಓಡುತ್ತಿರೋದು ಲಿನಕ್ಸ್ ಮೇಲೆ. ಅದನ್ನು ಶುರು ಮಾಡಿದವನೂ ನಮ್ಮ ಹಾಗೆ ಭಾಷಾ ಅಲ್ಪಸಂಖ್ಯಾತನೇ.

ಲಿನಸ್ ಟೊರ್ವಾಲ್ಡ್ಸ್ ಹುಟ್ಟಿದ್ದು 1969ರ ಡಿಸೆಂಬರ್‌ನಲ್ಲಿ, ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ. ಊರಿನ ಮಾತು ಫಿನ್ನಿಶ್, ಮನೆಯ ಮಾತು ಸ್ವೀಡಿಷ್. ಆ ದೇಶದಲ್ಲಿ ಸ್ವೀಡಿಷ್ ಮಾತಾಡುವವರು ಇವತ್ತು ನೂರಕ್ಕೆ 5ರಷ್ಟು ಮಾತ್ರ. ಗಡಿಯಾಚೆ ಸ್ವೀಡನ್ ಇದೆ, ನಮಗೆ ಕರ್ನಾಟಕ ಇದ್ದ ಹಾಗೆ. ಎರಡು ಭಾಷೆಗೂ ಸಂಬಂಧವೇ ಇಲ್ಲ, ಕುಲವೇ ಬೇರೆ.

ತಾಯಿಯ ತಂದೆ ಲಿಯೊ ಟೋರ್ನ್‌ಕ್ವಿಸ್ಟ್ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ಪ್ರೊಫೆಸರ್. ಅಜ್ಜ ಕಾಗದದ ಮೇಲೆ ಪ್ರೋಗ್ರಾಮ್ ಬರೆಯೋದು, ಮೊಮ್ಮಗ ಅದನ್ನು ಕಮೋಡೋರ್ ವಿಕ್-20 ಎಂಬ ಪುಟ್ಟ ಕಂಪ್ಯೂಟರಿಗೆ ಟೈಪ್ ಮಾಡೋದು. ಬರೀ 5 ಕೆಬಿ ಮೆಮೊರಿಯ ಯಂತ್ರ! ಇವತ್ತು ವಾಟ್ಸಾಪಲ್ಲಿ ಬರೋ ಒಂದು ಶುಭೋದಯದ ಚಿತ್ರವೂ ಅದರಲ್ಲಿ ಹಿಡಿಯಲ್ಲ. ಹುಡುಗನಿಗೆ ಹುಚ್ಚು ಹತ್ತಿದ್ದು ಅಲ್ಲೇ. ಮುಂದೆ ಸಿಂಕ್ಲೇರ್ ಕ್ಯೂಎಲ್ ಕೊಂಡ. ಫಿನ್ಲೆಂಡಿನಲ್ಲಿ ಅದಕ್ಕೆ ತಂತ್ರಾಂಶ ಸಿಗೋದೇ ಕಷ್ಟ. ಹಾಗಾಗಿ ಎಡಿಟರ್, ಅಸೆಂಬ್ಲರ್ ಎಲ್ಲ ತಾನೇ ಬರೆದುಕೊಂಡ.

1988ರಲ್ಲಿ ವಿಶ್ವವಿದ್ಯಾಲಯ ಸೇರಿದಾಗ, ಕಂಪ್ಯೂಟರ್ ಸೈನ್ಸಿಗೆ ಬಂದ ಹೊಸಬರಲ್ಲಿ ಸ್ವೀಡಿಷ್ ಮನೆಮಾತಿನವರು ಇಬ್ಬರೇ: ಇವನು ಮತ್ತು ಲಾರ್ಸ್ ವಿರ್ಜೆನಿಯಸ್. ಬೇರೆ ರಾಜ್ಯದ ಕಾಲೇಜಿನ ತರಗತಿಯಲ್ಲಿ ಒಬ್ಬನೇ ಕನ್ನಡಿಗನನ್ನು ಹುಡುಕಿ ಪಕ್ಕ ಕೂತವರಿಗೆ ಆ ಸ್ನೇಹ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ನಡುವೆ 11 ತಿಂಗಳು ಸೈನ್ಯ. ಅಲ್ಲೂ ಅವನಿದ್ದದ್ದು ಸ್ವೀಡಿಷ್ ಭಾಷೆಯಲ್ಲೇ ತರಬೇತಿ ಕೊಡುವ ನೈಲ್ಯಾಂಡ್ ಬ್ರಿಗೇಡಿನಲ್ಲಿ.

1991ರ ಜನವರಿಯಲ್ಲಿ ಕಂತಿನ ಮೇಲೆ ಒಂದು 386 ಪಿಸಿ ತಂದ. ಮನೆಯಿಂದಲೇ ವಿಶ್ವವಿದ್ಯಾಲಯದ ಕಂಪ್ಯೂಟರಿಗೆ ಸಂಪರ್ಕ ಪಡೆಯಲು ಬರೆದ ಚಿಕ್ಕ ಪ್ರೋಗ್ರಾಮ್ ಬೆಳೆಯುತ್ತಾ ಬೆಳೆಯುತ್ತಾ ಆಪರೇಟಿಂಗ್ ಸಿಸ್ಟಮ್ಮಿನ ತಿರುಳೇ ಆಯ್ತು. ಆಗಸ್ಟ್ 25ರಂದು ಲೋಕಕ್ಕೆ ಹೇಳಿದ, ಸೆಪ್ಟೆಂಬರಿನಲ್ಲಿ ಕೋಡ್ ಬಿಟ್ಟ. ದುಡ್ಡು ಕಳಿಸ್ತೀವಿ ಅಂದವರಿಗೆ, ಬೇಡ, ಒಂದು ಪೋಸ್ಟ್‌ಕಾರ್ಡ್ ಕಳಿಸಿ ಅಂದನಂತೆ! 1992ರಲ್ಲಿ ಜಿಪಿಎಲ್ ಪರವಾನಗಿ ಹಾಕಿದ ಮೇಲೆ ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು ಅಂತ ಆಯ್ತು. ಸ್ನಾತಕೋತ್ತರ ಪದವಿ ಮುಗಿಯೋಕೆ ಮಾತ್ರ 1996 ಬೇಕಾಯ್ತು. 1997ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋದ. ನಮ್ಮ ಇಂಜಿನಿಯರಿಂಗ್ ಹುಡುಗರು ದಿನಾ ಬಳಸೋ ಗಿಟ್ ಕೂಡ ಅವನದ್ದೇ, 2005ರದ್ದು.

ಈ ಕಥೆಯಿಂದ "ಮನಸ್ಸು ಮಾಡಿದರೆ ಎಲ್ಲಾ ಸಾಧ್ಯ" ಅಂತ ಭಾಷಣ ಬಿಗಿಯೋದು ಸುಲಭ. ನಾವು ಬಿಗಿಯಲ್ಲ. ಅವನ ಅಜ್ಜ ಪ್ರೊಫೆಸರ್, ಅಪ್ಪ ಅಮ್ಮ ಪತ್ರಕರ್ತರು. ಅದಕ್ಕಿಂತ ಮುಖ್ಯವಾಗಿ, ಫಿನ್ಲೆಂಡಿನ ಸಂವಿಧಾನ ಫಿನ್ನಿಶ್ ಮತ್ತು ಸ್ವೀಡಿಷ್ ಎರಡನ್ನೂ ರಾಷ್ಟ್ರಭಾಷೆ ಅಂದಿದೆ. ಶಾಲೆಯಿಂದ ವಿಶ್ವವಿದ್ಯಾಲಯದವರೆಗೆ ಸ್ವೀಡಿಷ್‌ನಲ್ಲಿ ಓದುವ ದಾರಿ ಅಲ್ಲಿದೆ. ಮನೆಮಾತಿನಲ್ಲಿ ಗಣಿತ ಕಲಿತವನು ಫಿನ್ನಿಶ್ ಕಲಿತ, ಇಂಗ್ಲಿಷ್ ಕಲಿತ. ಒಂದನ್ನು ಕಲಿಯೋಕೆ ಇನ್ನೊಂದನ್ನು ಬಿಡಬೇಕು ಅಂತ ಅವನಿಗೆ ಯಾರೂ ಷರತ್ತು ಹಾಕಲಿಲ್ಲ.

ನಮ್ಮಲ್ಲೂ ಸಂವಿಧಾನದ 350-ಎ ವಿಧಿ ಇದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ರಾಜ್ಯಗಳು ಸೌಕರ್ಯ ಒದಗಿಸೋಕೆ ಪ್ರಯತ್ನಿಸಬೇಕು ಅನ್ನುತ್ತೆ. "ಪ್ರಯತ್ನ" ಅನ್ನೋ ಆ ಒಂದು ಪದದ ಸಂದಿಯಲ್ಲೇ ನಮ್ಮ ಎಷ್ಟೋ ಶಾಲೆಗಳು ಸೊರಗಿವೆ. ಕನ್ನಡ ಮೀಡಿಯಂ ತರಗತಿಗೆ ಕನ್ನಡವೇ ಬಾರದ ಶಿಕ್ಷಕರನ್ನು ಹಾಕಿದ್ದಕ್ಕೆ ಕಾಸರಗೋಡಿನಲ್ಲಿ ಮಕ್ಕಳೇ ಬೀದಿಗಿಳಿಯಬೇಕಾಯ್ತು. ಅಂಥ ತರಗತಿಯಲ್ಲಿ ಮಗು ಗಣಿತದಲ್ಲಿ ಹಿಂದೆ ಬಿದ್ದರೆ ತಪ್ಪು ಕನ್ನಡದ್ದು ಅಂತೀವಲ್ಲ, ಇದ್ಯಾವ ನ್ಯಾಯ?

ಅದೇ ಕಾಸರಗೋಡಿನಲ್ಲಿ ಇನ್ನೊಂದು ಸಂಗತಿಯೂ ಇದೆ. ಕೇರಳದ ಸರಕಾರಿ ಶಾಲೆಗಳ ಲ್ಯಾಬಿನಲ್ಲಿ ಓಡೋದು ಲಿನಕ್ಸೇ, ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೂ ಇದೆ. ಲಿನಕ್ಸಿನ ಪರದೆಯನ್ನು ಕನ್ನಡದಲ್ಲಿ ನೋಡಬಹುದು, ಕನ್ನಡದಲ್ಲಿ ಟೈಪ್ ಮಾಡಬಹುದು. ಆ ಅನುವಾದದ ಕೆಲಸ ಮಾಡಿದವರಲ್ಲಿ ಸಂಬಳವಿಲ್ಲದೆ ದುಡಿದ ಕನ್ನಡಿಗರಿದ್ದಾರೆ. ಅದು ಮುಗಿಯುವ ಕೆಲಸವಲ್ಲ. ಕಾಲೇಜಿನಲ್ಲಿರುವ ನೀವು ಹತ್ತು ಸಾಲು ಅನುವಾದಿಸಿದರೂ ಅದು ಲೆಕ್ಕಕ್ಕೆ ಬರುತ್ತೆ, ನಾಳೆ ಸಂದರ್ಶನದಲ್ಲಿ ತೋರಿಸೋಕೂ ಆಗುತ್ತೆ.

ನಿಮ್ಮ ತಮ್ಮನೋ ತಂಗಿಯೋ ಕನ್ನಡ ಶಾಲೆಯಲ್ಲಿದ್ದರೆ ಮುಂದಿನ ಪೋಷಕರ ಸಭೆಗೆ ನೀವೇ ಹೋಗಿ. ಗಣಿತ ಕಲಿಸೋರಿಗೆ ಕನ್ನಡ ಬರುತ್ತಾ, ಲ್ಯಾಬಿನ ಕಂಪ್ಯೂಟರಲ್ಲಿ ಕನ್ನಡ ಕೀಲಿಮಣೆ ಹಾಕಿದ್ದಾರಾ, ಇವೆರಡನ್ನು ಕೇಳಿ. ಏನು ಉತ್ತರ ಬಂತು ಅಂತ ಶಾಲೆಯ ಹೆಸರಿನ ಜೊತೆ ನಮಗೆ ಬರೆಯಿರಿ.